ಶಿರಸ್ತ್ರಾಣಕ್ಕೆ ಕಲಾಯಿ ಹಾಕಿದ್ದು

ರಿಯಾದಿನ ಬತ್ಹಾ ಪೇಟೆಯಲ್ಲಿ ಶುಕ್ರವಾರ ಸೇರುವ ನಮ್ಮ ಕರಾವಳಿಯ ಗಂಡಸರು ಈ ಕಥೆಯನ್ನು ಹೇಳುವಾಗ ಅದು ಕಲಾಯಿಗಾರ ಅಬ್ದುಲ್ಲ ಕುಂಞಿಯ ಕೈಗುಣದ ಕಥೆಯಾಗಿರುತ್ತದೆ. ಜಪಾನಿನ ಯೋಧನೊಬ್ಬನ ಹಳೆಯ ಶಿರಸ್ತ್ರಾಣ ಅವನ ಒಲೆಯಿಂದ ಬೆಳ್ಳಿಯ ಹಾಗೆ ಹೊಳೆಯುತ್ತ ಎದ್ದು ಬಂದಲ್ಲಿಗೆ ಅದು ಮುಗಿಯುತ್ತದೆ. ಮನೆಗೆಲಸಕ್ಕೆಂದು ಹೋದ ಹೆಂಗಸರು ಹೇಳುವಾಗ ಅದು ಹವ್ವಮ್ಮನ ಕಥೆ. ಅದರ ಆರಂಭವೂ ಬೇರೆ, ಮುಕ್ತಾಯವೂ ಬೇರೆ. ದಕ್ಷಿಣದ ಜಿಜಾನಿನ ಕಡೆ ಕೇಳಿಬರುವ ಪಾಠದಲ್ಲಿ ಶಿರಸ್ತ್ರಾಣಕ್ಕೆ ಚಿನ್ನದ ಕೊಂಬುಗಳಿವೆ, ಒಳಗೆ ಒಂದು ತಲೆಬುರುಡೆಯೂ ಇದೆ. ಅವೆರಡೂ ದಾರಿಯಲ್ಲಿ ಅಂಟಿಕೊಂಡವು. ಹೆಂಗಸರ ಪಾಠದಲ್ಲಿ ಕೊಂಬಿಲ್ಲ, ಬುರುಡೆಯಿಲ್ಲ. ಇಲ್ಲಿರುವುದು ಆ ಪಾಠ.

ಹವ್ವಮ್ಮ ಕಾಪುವಿನವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಅಕ್ಕನ ಮಡಿಲಿಗೆ ಹಾಕಿ, ರಿಯಾದಿನ ಮಲಜ್ ಎಂಬ ಹಳೆಯ ಬಡಾವಣೆಯ ಒಂದು ಮನೆಗೆ ಕೆಲಸಕ್ಕೆ ಸೇರಿದಳು. ಆ ಮನೆಯ ಯಜಮಾನಿ ವಿಧವೆ. ಮಗನ ಹೆಸರಿನಿಂದಲೇ ತಾಯಿಯನ್ನು ಕರೆಯುವ ಆ ದೇಶದ ಮರ್ಯಾದೆಯಂತೆ ಊರಿಗೆಲ್ಲ ಉಮ್ಮು ನವ್ವಾಫ್, ಎಂದರೆ ನವ್ವಾಫನ ತಾಯಿ. ಹವ್ವಮ್ಮನಿಗೆ ಮಾತ್ರ ಅವರು ಮಾಮಾ; ಅಲ್ಲಿ ಮನೆಗೆಲಸದವರು ಯಜಮಾನಿಯನ್ನು ಕರೆಯುವುದು ಹಾಗೆ. ಅವಳು ಆ ಮನೆ ಹೊಕ್ಕಾಗ ನವ್ವಾಫನಿಗೆ ಹಾಲುಹಲ್ಲು ಬೀಳುವ ಪ್ರಾಯ. ಮಾಮಾ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದರು. ಅವರು ಮನೆಗೆ ಮರಳುವ ತನಕ ಹುಡುಗ ಅಡುಗೆಮನೆಯ ನೆಲದಲ್ಲಿ, ಹವ್ವಮ್ಮನ ಸೆರಗಿನ ಹತ್ತಿರ. ಹಾಗಾಗಿ ಅವನ ಅರಬಿಯೊಳಗೆ ಅವಳ ಮಾತು ಬೆರೆಯಿತು. ಮೀಸೆ ಮೂಡಿದ ಮೇಲೂ ಅವನು ಅಡುಗೆಮನೆಯ ಬಾಗಿಲಿಗೆ ಒರಗಿ, "ಎಂತ ಮಾರಾಯ್ತಿ, ಹಸಿವು," ಎನ್ನುತ್ತಿದ್ದ. ಇನ್ನೇನೂ ಕನ್ನಡ ಅವನಿಗೆ ಬರುತ್ತಿರಲಿಲ್ಲ. ಅಷ್ಟೇ ಕನ್ನಡದಲ್ಲಿ ಅವನು ಅವಳಿಂದ ಬೇಕಾದದ್ದನ್ನೆಲ್ಲ ಪಡೆದ.

ಬೆಳೆದ ಮೇಲೆ ಅವನು ಸರಕಾರದ ಖರ್ಚಿನಲ್ಲಿ ಇಂಜಿನಿಯರಿಂಗ್ ಓದಲು ಜಪಾನಿಗೆ ಹೋದ. ಅಲ್ಲಿ ಅವನಿದ್ದ ಓಣಿಯಲ್ಲಿ ಹಳೆಯ ಯುದ್ಧಕವಚಗಳನ್ನು ದುರಸ್ತಿ ಮಾಡುವ ಒಬ್ಬ ಮುದುಕನಿದ್ದನಂತೆ. ಓದಿನ ನಡುವೆ ಬಿಡುವಾದಾಗಲೆಲ್ಲ ನವ್ವಾಫ್ ಆ ಮುದುಕನ ಅಂಗಡಿಯಲ್ಲಿ ಮಂಡಿಯೂರಿ ಕೂತು ಅವನ ಕೈಗಳನ್ನು ನೋಡಿದ. ಹಿಂದಿರುಗಿ ಬರುವಾಗ ಅವನ ಪೆಟ್ಟಿಗೆಯಲ್ಲಿ ಒಂದು ಶಿರಸ್ತ್ರಾಣವಿತ್ತು. ಸಾಮುರಾಯಿಗಳೆಂಬ ಅಲ್ಲಿನ ಯೋಧರು ಮುನ್ನೂರು ವರ್ಷಗಳ ಹಿಂದೆ ತೊಡುತ್ತಿದ್ದ ಬಗೆಯದು. ದೊರೆಗಳ ತಲೆಯದಲ್ಲ, ಚರಿತ್ರೆಯಲ್ಲಿ ಹೆಸರಿಲ್ಲದ ಯಾವನೋ ಒಬ್ಬನ ತಲೆಯದು. ಮಾಡಿದ ಕಮ್ಮಾರನು ಒಳಮೈಯಲ್ಲಿ ತನ್ನ ಹೆಸರು ಕೊರೆಯುವ ರೂಢಿ ಅಲ್ಲಿ ಉಂಟಂತೆ. ಇದರಲ್ಲಿ ಅವನ ಹೆಸರೂ ಇರಲಿಲ್ಲ.

ಅವನು ಅದನ್ನು ಮೊದಲು ತಂದಿಟ್ಟದ್ದು ಅಡುಗೆಮನೆಯ ಮೇಜಿನ ಮೇಲೆ.

"ಎಂತದಿದು?" ಎಂದಳು ಹವ್ವಮ್ಮ.

"ಕಬುತೊ. ಯುದ್ಧದ ಟೊಪ್ಪಿ."

"ಟೊಪ್ಪಿಯಾ? ನಾನು ಸಾರಿನ ಪಾತ್ರೆ ಕವುಚಿ ಇಟ್ಟದ್ದು ಅಂತ ಗ್ರಹಿಸಿದೆ."

ಅವನು ಒಂದು ಕಿತ್ತಳೆ ಸುಲಿದು, ತೊಳೆಗಳನ್ನು ಬಿಡಿಸದೆ ಅಂಗೈಯಲ್ಲಿಟ್ಟು ಅವಳಿಗೆ ಪಾಠ ಹೇಳಿದ. ಕಬ್ಬಿಣದ ತಗಡನ್ನು ಕೆಂಪಗೆ ಕಾಯಿಸಿ, ಬಡಿದು, ಹೀಗೆಯೇ ಮೇಲೆ ಕಿರಿದು ಕೆಳಗೆ ಅಗಲವಾದ ತೊಳೆಗಳಾಗಿ ಬಾಗಿಸುತ್ತಾರೆ. ಒಂದರ ಅಂಚು ಇನ್ನೊಂದರ ಮೇಲೆ ಕೂರಬೇಕು. ಕೂತ ಅಂಚನ್ನು ಎಬ್ಬಿಸಿ ಏಣು ಮಾಡಬೇಕು. ಸುತ್ತ ಮೂವತ್ತೆರಡು ತೊಳೆಗಳನ್ನು ಸೇರಿಸಿ ಸಣ್ಣ ಸಣ್ಣ ರಿವೆಟ್ ಹಾಕಿ ಬಿಗಿದರೆ ತಲೆಯ ಬಟ್ಟಲು. ತೊಳೆಗಳ ತುದಿಗಳೆಲ್ಲ ಕೂಡುವ ನೆತ್ತಿಯಲ್ಲಿ ಒಂದು ತೂತು, ಅದರ ಸುತ್ತ ಹೂವಿನಂಥ ತಾಮ್ರದ ಬಳೆ. ಬಿಸಿಯಾದ ಕಬ್ಬಿಣದ ಒಳಮೈಗೆ ಒಂದು ಮರದ ಹಾಲನ್ನು ಬಳಿದು ಸುಡುತ್ತಾರೆ. ಅದು ಕಪ್ಪು ಚರ್ಮದ ಹಾಗೆ ಕೂತುಬಿಡುತ್ತದೆ. ಕತ್ತಿನ ಹಿಂದೆ ಇಳಿಬಿದ್ದ ಪಟ್ಟಿಗಳನ್ನು ರೇಷ್ಮೆಯ ಹುರಿಯಿಂದ ಹೆಣೆಯುತ್ತಾರೆ. ಒಳಗೆ, ತಲೆಗೂ ಕಬ್ಬಿಣಕ್ಕೂ ನಡುವೆ, ದಪ್ಪ ಹೊಲಿಗೆಯ ಬಟ್ಟೆಯ ಅಸ್ತರಿ.

"ಹೊಳಪೇ ಇಲ್ಲವಲ್ಲ," ಎಂದಳು ಹವ್ವಮ್ಮ. "ತುಕ್ಕು ಬಂದ ಹಾಗುಂಟು."

"ಬಂದದ್ದಲ್ಲ ಹವ್ವಾ, ಬರಿಸಿದ್ದು. ನನ್ನ ಗುರು ಹೇಳ್ತಿದ್ದ, ಬಂದು ನಿಂತುಹೋದ ತುಕ್ಕು ಕಬ್ಬಿಣದ ಮೈಬಣ್ಣ ಅಂತ."

"ನಿನ್ನ ಗುರುವಿಗೆ ಪಾತ್ರೆ ತೊಳೆದು ಗೊತ್ತಿಲ್ಲ."

ಅವನು ನಕ್ಕ. ಇನ್ನೂ ಒಂದು ಸಂಗತಿ ಹೇಳಿದ. ಯುದ್ಧಕ್ಕೆ ಹೊರಡುವ ಮುಂಚೆ ಆ ಯೋಧರು ಇದರೊಳಗೆ ಧೂಪದ ಹೊಗೆ ಹಿಡಿಯುತ್ತಿದ್ದರು.

"ಯಾಕೆ? ಮದುಮಗನ ಹಾಗೆಯಾ?"

"ತಲೆ ಕಡಿದು ವೈರಿ ಎತ್ತಿಕೊಂಡು ಹೋದರೆ ಅವನ ಮೂಗಿಗೆ ಘಮ ಬರಲಿ ಅಂತ."

"ಅಸ್ತಗ್‌ಫಿರುಲ್ಲಾ. ಅನ್ನ ಬೇಯುವಲ್ಲಿ ತಲೆ ಕಡಿಯುವ ಮಾತು ಆಡ್ಬೇಡ. ಏಳು, ಆಚೆ ನಡಿ."

ನವ್ವಾಫನಿಗೆ ರಾಸ್ ತನೂರಾದ ತೈಲ ಶುದ್ಧೀಕರಣಾಗಾರದಲ್ಲಿ ಕೆಲಸವಾಯಿತು. ಗುರುವಾರ ಸಂಜೆ ಕಾರು ಓಡಿಸಿಕೊಂಡು ಮನೆಗೆ ಬರುತ್ತಿದ್ದ, ಶನಿವಾರ ಮರಳುತ್ತಿದ್ದ. ಹೊರಡುವ ಮುಂಚೆ ತಾಯಿಯ ಮಬ್ಖರಾದಲ್ಲಿ, ಎಂದರೆ ಧೂಪದ ಬಟ್ಟಲಲ್ಲಿ, ಕೆಂಡದ ಮೇಲೆ ಊದೆಂಬ ಸುಗಂಧದ ಮರದ ಚಕ್ಕೆಯಿಟ್ಟು, ಶಿರಸ್ತ್ರಾಣವನ್ನು ಅದರ ಮೇಲೆ ಕವುಚಿ ಹಿಡಿಯುತ್ತಿದ್ದ. ಒಳಗೆ ತುಂಬಿದ ಹೊಗೆ ನೆತ್ತಿಯ ತೂತಿನಿಂದ ನೂಲಿನಷ್ಟು ತೆಳ್ಳಗೆ ಏಳುತ್ತಿತ್ತು. ಆಮೇಲೆ ಅದನ್ನು ತಲೆಗೇರಿಸಿ ಮನೆಯೆಲ್ಲ ಸುತ್ತಿ, ತಾಯಿಯನ್ನು ನಗಿಸಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹವ್ವಮ್ಮನಿಂದ ಬೈಸಿಕೊಂಡು, ಕಪಾಟಿನ ಮೇಲಿಟ್ಟು ಹೋಗುತ್ತಿದ್ದ. ವಾರದಿಂದ ವಾರಕ್ಕೆ ಅಸ್ತರಿ ಅವನ ಬೆವರನ್ನೂ ಊದನ್ನೂ ಕುಡಿಯಿತು.

ಒಂದು ಗುರುವಾರ ಹೆದ್ದಾರಿಯಲ್ಲಿ ಅವನ ಕಾರು ಉರುಳಿತು. ಮರುದಿನ ಜುಮಾ ನಮಾಜಿನ ಬೆನ್ನಿಗೆ ಮಣ್ಣು ಕೊಟ್ಟು ಬಂದರು.

ಸಂತಾಪದ ಮೂರು ದಿನ ಕಳೆಯಿತು. ಅವನ ಸೋದರತ್ತೆಯರು ಬಂದು ಕೋಣೆಯನ್ನು ಬರಿದು ಮಾಡಿದರು. ಅದರಲ್ಲಿ ಕೇಡೇನೂ ಇರಲಿಲ್ಲ. ಸತ್ತವನ ಬಟ್ಟೆ ಬಡವನ ಮೈಮೇಲಿದ್ದರೆ ಅದರ ಪುಣ್ಯ ಸತ್ತವನಿಗೆ ಎಂಬುದು ಅಲ್ಲಿನ ನಂಬಿಕೆ, ನಮ್ಮ ಕಡಲತಡಿಯದೂ ಹೌದು. ನಿಲುವಂಗಿ, ತಲೆವಸ್ತ್ರ, ಹೊದಿಕೆ, ದಿಂಬಿನ ಚೀಲ, ಎಲ್ಲವೂ ಒಗೆದು ಮಡಚಿ ಹೊರಟುಹೋದವು. ಒಗೆದವಳು ಹವ್ವಮ್ಮನೇ. ಶಿರಸ್ತ್ರಾಣ ಬಟ್ಟೆಯ ಲೆಕ್ಕಕ್ಕೆ ಬರಲಿಲ್ಲ; ಹಾಗೆ ಅದೊಂದು ಉಳಿಯಿತು.

ಕೆಲವು ದಿನ ಕಳೆದು, ಅಸರ್ ನಮಾಜಿನ ಹೊತ್ತು ಮುಗಿದು ಬಿಸಿಲು ಇಳಿಯುತ್ತಿದ್ದಾಗ, ಹವ್ವಮ್ಮ ಕಹ್ವಾ ಎಂಬ ಅರಬಿ ಕಾಫಿ ತೆಗೆದುಕೊಂಡು ಒಳಗೆ ಹೋದಳು. ಮಾಮಾ ಶಿರಸ್ತ್ರಾಣವನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಬಾವಿಗೆ ಬಗ್ಗಿದವರ ಹಾಗೆ ಅದರೊಳಗೆ ಮುಖವಿಟ್ಟು ಕೂತಿದ್ದರು. ಹವ್ವಮ್ಮ ಬಂದ ಹಾಗೆಯೇ ತಿರುಗಿದಳು.

"ಹೋಗಬೇಡ," ಎಂದರು ಮಾಮಾ ತಲೆ ಎತ್ತದೆ. "ಬಾ. ನೀನೂ ನೋಡು."

ಹವ್ವಮ್ಮ ಮಂಡಿಯೂರಿ ಮುಖವಿಟ್ಟಳು. ಒಳಗೆ ಕತ್ತಲೆ, ಮತ್ತು ಆ ಕತ್ತಲೆಯಲ್ಲಿ ಅವನ ನೆತ್ತಿಯ ವಾಸನೆ. ಸ್ನಾನ ಮಾಡಿಸಿ, ಒರೆಸಿ, ಎದೆಗೊತ್ತಿಕೊಂಡಾಗ ಗಲ್ಲದ ಕೆಳಗೆ ಬರುತ್ತಿದ್ದ ಅದೇ ನೆತ್ತಿ. ಅವಳು ಎಷ್ಟು ಹೊತ್ತು ಹಾಗಿದ್ದಳೋ, ಕಹ್ವಾ ತಣ್ಣಗಾಗಿತ್ತು.

ಅಂದಿನಿಂದ ಅಸರ್ ಕಳೆದ ಮೇಲೆ ಅದು ಆ ಇಬ್ಬರ ನಿತ್ಯವಾಯಿತು. ಮೊದಲು ತಾಯಿ, ಆಮೇಲೆ ಸಾಕಿದವಳು. ಯಾರಿಗೂ ಹೇಳುವ ಹಾಗಿರಲಿಲ್ಲ. ಮೂರು ದಿನದಾಚೆಗೂ ಎಳೆದ ದುಃಖ ದೇವರ ತೀರ್ಪಿನ ಮೇಲಿನ ದೂರಿನಂತೆ ಕಾಣುತ್ತದೆ. ಮಕ್ಕಳಿಗೆ ಸಬೂರಿಯ ಪಾಠ ಹೇಳಿದ ಹೆಂಗಸು ಕಬ್ಬಿಣದ ಟೊಪ್ಪಿಯನ್ನು ಮೂಸುತ್ತಾಳೆಂದರೆ ನೆಂಟರು ಏನೆಂದಾರು? ಗುಟ್ಟಾಗಿರಲಿ ಎಂದು ಮಾಮಾ ಬಾಯಿಬಿಟ್ಟು ಹೇಳಲಿಲ್ಲ, ಹವ್ವಮ್ಮನಿಗೆ ಹೇಳಿಸಿಕೊಳ್ಳಬೇಕಾಗಿಯೂ ಇರಲಿಲ್ಲ.

ಮುಂದಿನ ಅಂಚಿನಲ್ಲಿ ಒಂದು ರಿವೆಟ್ ಮೊದಲಿನಿಂದಲೇ ಸಡಿಲವಿತ್ತು. ಒಂದು ಸಂಜೆ ಅದು ಉದುರಿತು. ಎದ್ದು ನಿಂತ ತೊಳೆಯ ತುದಿ ಮಾಮಾರ ಕೆನ್ನೆಯನ್ನು ಗೀರಿತು. ಆ ವಾರವೇ ಅವರ ಮಗಳು ಹನಾನ್ ತಾಯಿಯನ್ನು ನೋಡಲು ಬಂದಳು. ನವ್ವಾಫನ ಅಕ್ಕ, ಮದುವೆಯಾಗಿ ನಗರದ ಇನ್ನೊಂದು ಕಡೆ ಇರುವವಳು. ಕೆನ್ನೆಯ ಗಾಯ ನೋಡಿದಳು, ಕೇಳಿದಳು, ಅರ್ಧ ಉತ್ತರದಿಂದಲೇ ಉಳಿದದ್ದನ್ನು ತಿಳಿದುಕೊಂಡಳು.

"ಅಮ್ಮಾ, ಅದು ತುಕ್ಕು ಹಿಡಿದ ಕಬ್ಬಿಣ. ನಂಜಾದರೆ? ಮುಂದಿನ ಶನಿವಾರ ಬಂದು ತೆಗೆದುಕೊಂಡು ಹೋಗ್ತೇನೆ. ಯಾವುದಾದರೂ ವಸ್ತುಸಂಗ್ರಹಾಲಯಕ್ಕೆ ಕೊಡೋಣ. ಗಾಜಿನೊಳಗೆ ಅವನ ಹೆಸರಾದರೂ ಇರ್ತದೆ."

ಹವ್ವಮ್ಮ ಬಾಯಿ ಹಾಕಿದಳು. "ಅಂಚು ಸರಿ ಮಾಡಿಸಿದರೆ ಇಲ್ಲೇ ಇರಬಹುದಲ್ಲ ಹನಾನ್? ಅದು ಎಂತ ಬೇಡ್ತದೆ, ಒಂದು ಮೂಲೆ."

"ಕೈಗೆ ತಾಗದ ಹಾಗೆ ಸರಿಯಾದರೆ ಇರಲಿ," ಎಂದಳು ಹನಾನ್. ಅವಳೂ ತಮ್ಮನನ್ನು ಕಳೆದುಕೊಂಡವಳೇ.

ಬತ್ಹಾದಲ್ಲಿ ತನ್ನ ಊರ ಕಡೆಯ ಒಬ್ಬ ಕೈಕೆಲಸದವನಿದ್ದಾನೆ, ಅವನಿಗೆ ಇದು ಆಟ ಎಂದಳು ಹವ್ವಮ್ಮ. ಮಾಮಾ ತುಂಬ ಯೋಚಿಸಿ, ತಮ್ಮದೇ ಒಗೆದ ಶಾಲಿನಲ್ಲಿ ಅದನ್ನು ಸುತ್ತಿದರು.

"ಒಳಗೆ ಯಾರೂ ಕೈ ಹಾಕಬಾರದು ಹವ್ವಾ."

"ಒಂದು ಮೊಳೆ, ಮಾಮಾ. ಅಂಚಿನಲ್ಲೇ ಬಡಿದು ಮುಗಿಸುವುದು."

ಶುಕ್ರವಾರ ಜುಮಾದ ನಂತರ ಬತ್ಹಾದಲ್ಲಿ ಭುಜಕ್ಕೆ ಭುಜ ತಾಗದೆ ನಡೆಯಲಾಗುವುದಿಲ್ಲ. ಪಾತ್ರೆ ಅಂಗಡಿಗಳ ಹಿಂದಿನ ಓಣಿಯಲ್ಲಿ, ಮೆಟ್ಟಿಲಿನ ಕೆಳಗಿನ ಒಂದು ಗೂಡಿನಲ್ಲಿ ಅಬ್ದುಲ್ಲ ಕುಂಞಿ ಕೂರುತ್ತಿದ್ದ. ಉಪ್ಪಿನಂಗಡಿಯವನು. ತಾಮ್ರ ಹಿತ್ತಾಳೆಯ ಪಾತ್ರೆಗೆ ಒಳಗಿನಿಂದ ತವರ ಬಳಿದು ಬೆಳ್ಳಗೆ ಮಾಡುವ ಕಲಾಯಿಯ ಕೆಲಸ ಅವನ ಕುಲಕಸುಬು. ಊರಲ್ಲಿ ಸ್ಟೀಲು ಬಂದು ಕಲಾಯಿಗೆ ಗತಿಯಿಲ್ಲದಾದಾಗ ಅವನು ಇಲ್ಲಿಗೆ ಬಂದ. ಇಲ್ಲೂ ಈಗ ಹಳೆಯ ಮನೆಗಳ ಕಹ್ವಾದ ಪಾತ್ರೆಗಳು, ಮದುವೆ ಅಡುಗೆಯ ದೊಡ್ಡ ಹಂಡೆಗಳು ಮಾತ್ರ ಅವನನ್ನು ಹುಡುಕಿ ಬರುತ್ತಿದ್ದವು.

"ಎಂತ ಹವ್ವಮ್ಮ, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಿದ್ದಿ? ಯಾರ ಹಂಡೆ?"

"ಹಂಡೆ ಅಲ್ಲ ಕಾಕ, ಟೊಪ್ಪಿ. ಜಪಾನಿನದ್ದು."

"ಜಪಾನಿನಿಂದ ಕಾರು ಬರುವುದು ಗೊತ್ತುಂಟು. ಟೊಪ್ಪಿ ಸಹ ಬರ್ತದಾ?" ಎನ್ನುತ್ತ ಅವನು ಶಾಲು ಬಿಚ್ಚಿದ. ಹೆಬ್ಬೆರಳಿನಿಂದ ಒಂದೊಂದೇ ಏಣನ್ನು ಸವರಿದ, ಉಗುರಿನಿಂದ ತಟ್ಟಿ ಕಿವಿಗೊಟ್ಟ. "ಬೆಸುಗೆ ಇಲ್ಲ ನೋಡು. ಒಂದೊಂದು ತುಂಡು ಬೇರೆ ಬೇರೆ ಬಡಿದು ಕೂರಿಸಿದ್ದು. ಎಂಥ ಹಠದ ಕೈ ಮಾರಾಯ್ತಿ. ಈಗ ಅವನು ಇದ್ದಿದ್ದರೆ ಕಾಲು ಮುಟ್ಟಿ ಬರ್ತಿದ್ದೆ."

"ಅವನು ಸತ್ತು ಮುನ್ನೂರು ವರ್ಷ ಆಯ್ತಂತೆ."

"ಹಾಗಾದರೆ ಬೇಡ, ಟಿಕೆಟ್ ಸಿಗ್ಲಿಕ್ಕಿಲ್ಲ." ಅವನು ಶಿರಸ್ತ್ರಾಣವನ್ನು ಅಂಗಾತ ಮಾಡಿ ಬೆಳಕಿಗೆ ಹಿಡಿದ. ಊದಿನ ಹೊಗೆಯಿಂದ ಅಸ್ತರಿ ಕಪ್ಪಾಗಿತ್ತು. ಅದರ ಅಂಚಿನಲ್ಲಿ ಕಾಣುವ ಕಬ್ಬಿಣವೂ ಮಸಿಯಾಗಿತ್ತು. "ಒಳಗೆ ಎಂತ ಕರಿ. ಯಾರದ್ದಿದು?"

ಇಲ್ಲಿ ಹವ್ವಮ್ಮ ಎಲ್ಲವನ್ನೂ ಹೇಳಬಹುದಾಗಿತ್ತು. ಆ ಕರಿಯೊಳಗೆ ಏನಿದೆ, ಯಾರು ಅದಕ್ಕೆ ಮುಖವಿಡುತ್ತಾರೆ ಎಂದು 'ಕಾಕ' ಎಂದು ಕರೆದವನಿಗೆ ಒಂದು ಮಾತು. ಆದರೆ ಬತ್ಹಾದಲ್ಲಿ ಶುಕ್ರವಾರ ಆಡಿದ ಮಾತು ಶನಿವಾರ ರಾಸ್ ತನೂರಾದಲ್ಲಿರುತ್ತದೆ. ಮಾಮಾರ ಗುಟ್ಟು ಅವಳದಲ್ಲ, ಹಂಚುವುದಕ್ಕೆ. ಹೇಳಿದರೆ ಕೆಲಸ ಜೋಪಾನವಾಗಿ ನಡೆದೀತು ಎನ್ನುವಷ್ಟನ್ನು ಮಾತ್ರ ಅವಳು ಹೇಳಿದಳು.

"ಮರಣದ ಮನೆಯದ್ದು ಕಾಕ. ಪ್ರಾಯದ ಮಗ ಹೋದದ್ದು. ಒಂದು ಮೊಳೆ ಬಡಿದು ಕೊಡಿ, ಅಷ್ಟು ಸಾಕು."

ಅಬ್ದುಲ್ಲ ಕುಂಞಿಯ ಮುಖ ಬದಲಾಯಿತು. ಶಿರಸ್ತ್ರಾಣವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟ. "ಆಯ್ತು," ಎಂದ. "ಅಸರ್ ಕಳೆದು ಬಾ."

ಕಲಾಯಿಯವರಲ್ಲಿ ಒಂದು ಕಟ್ಟಳೆಯುಂಟು. ಎಲ್ಲರಲ್ಲೂ ಇಲ್ಲ, ಕಾಪುವಿನಲ್ಲಿ ಹವ್ವಮ್ಮನ ತವರಿಗೆ ಬರುತ್ತಿದ್ದ ಕಲಾಯಿಗಾರ ಯಾವ ಮನೆಗೂ ಕೂಲಿ ಬಿಟ್ಟುಕೊಟ್ಟವನಲ್ಲ, ಹಾಗಾಗಿ ಅವಳಿಗೆ ಅದು ತಿಳಿದಿರಲಿಲ್ಲ. ಅಬ್ದುಲ್ಲ ಕುಂಞಿಗೆ ಕೆಲಸ ಕಲಿಸಿದ ಮೊಯ್ದೀನ್ ಬ್ಯಾರಿ ಎಂಬವನು ಮನೆಯಿಂದ ಮನೆಗೆ ತಿದಿ ಹೊತ್ತು ತಿರುಗುತ್ತಿದ್ದಾಗ ಅದನ್ನು ಹೇಳಿಕೊಟ್ಟಿದ್ದ. ಮರಣದ ಮನೆಯಿಂದ ಬಂದ ಪಾತ್ರೆ ಕರಿ ಹೊತ್ತುಕೊಂಡು ಹಿಂದೆ ಹೋಗಬಾರದು. ಅವರು ಕೇಳಿದ್ದು ಬರೀ ಹಿಡಿಕೆಯ ಕೆಲಸವಾದರೂ ಸರಿ, ಒಳಗೆ ಬೆಳಗಿಯೇ ಕೊಡಬೇಕು, ಕೂಲಿ ಮುಟ್ಟಬಾರದು. ದುಃಖದಲ್ಲಿರುವವರಿಗೆ ಬೇಕಾದದ್ದನ್ನು ಕೇಳುವಷ್ಟು ತ್ರಾಣ ಇರುವುದಿಲ್ಲ. ಅವರು ಬಾಯಿಬಿಟ್ಟು ಕೇಳಿದ್ದನ್ನಷ್ಟೇ ಮಾಡಿ ಕಳಿಸುವವನು ಕೆಲಸಗಾರನಲ್ಲ. ಈ ಮಾತನ್ನು ಮೊಯ್ದೀನ್ ಬ್ಯಾರಿ ಹೇಳಿದ್ದ, ಶಿಷ್ಯ ಬದುಕಿನುದ್ದಕ್ಕೂ ನಡೆಸಿದ್ದ.

ಆ ಮಧ್ಯಾಹ್ನದ ಕೆಲಸವನ್ನು ಅವನು ಮುಂದೆ ಅನೇಕರಿಗೆ ವರ್ಣಿಸಿದ್ದಾನೆ. ಗಂಡಸರ ಪಾಠದಲ್ಲಿ ಈ ಭಾಗವೇ ಅತಿ ದೊಡ್ಡದು. ಮೊದಲು ರಿವೆಟ್ ಬಡಿದು ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ಅಸ್ತರಿಯ ಹೊಲಿಗೆ ಬಿಚ್ಚಿ ತೆಗೆದ. ಹೊರಮೈಗೂ ರೇಷ್ಮೆಯ ಹೆಣಿಗೆಗೂ ಶಾಖ ತಾಗದ ಹಾಗೆ ಒದ್ದೆ ಮಣ್ಣು ಮೆತ್ತಿ, ಮೇಲಿಂದ ಗೋಣಿ ಸುತ್ತಿದ. ಒಳಗಿನ ಕಪ್ಪು ಚರ್ಮವನ್ನು ಕೆರೆದು, ಹುಳಿ ಹಾಕಿ, ಮರಳಿನಿಂದ ತಿಕ್ಕಿ ಕಬ್ಬಿಣದ ಮುಖ ಕಾಣಿಸಿದ. ಆಮೇಲೆ ಬೆಂಕಿ. ಕಾದ ಬಟ್ಟಲಿಗೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಅದು ಕರಗಿ ಓಡುವಾಗ ಹತ್ತಿಯಿಂದ ಒಂದೇ ಸುತ್ತಿಗೆ ಬಳಿದ. ಬೆರಳು ಸುಟ್ಟಿತು. ಮೂವತ್ತೆರಡು ತೊಳೆಗಳ ಸಂದುಗಳೆಲ್ಲ ಮುಚ್ಚಿಹೋಗಿ ಒಳಗೆ ಒಂದೇ ಬಿಳಿ ಎದ್ದಿತು.

ಹವ್ವಮ್ಮ ಪೇಟೆಯಲ್ಲಿ ಕೊಬ್ಬರಿ ಎಣ್ಣೆ, ಒಣಮೀನು ಕೊಂಡು, ಹೆಂಗಸರ ಕಡೆ ನಮಾಜು ಮುಗಿಸಿ ಬಂದಳು. ಅವನು ಬೆನ್ನ ಹಿಂದಿನಿಂದ ತೆಗೆದು ಅವಳ ಮುಂದಿಟ್ಟ. ಹೊರಗೆ ಮೊದಲಿನ ಹಾಗೆಯೇ ಕಂದು. ಒಳಗೆ ನೋಡಿದರೆ ಅವಳದೇ ಮುಖ.

ಅವಳಿಗೆ ಕೂಡಲೇ ತಿಳಿಯಲಿಲ್ಲ. ಯಾವುದೋ ಬೇರೆ ವಸ್ತು ಕೊಟ್ಟಿದ್ದಾನೆ ಎಂದುಕೊಂಡಳು. ಆಮೇಲೆ ಬಗ್ಗಿದಳು. ನವಸಾಗರದ ಖಾರ ಮೂಗಿಗೆ ಹೊಡೆಯಿತು.

"ಒಳಗೆ ಬಟ್ಟೆ ಇತ್ತಲ್ಲ ಕಾಕ?"

"ಅಯ್ಯೋ ಅದಾ? ಬೆವರು ಹಿಡಿದು ಹೊಲಸಾಗಿತ್ತು. ಒಲೆಗೆ ಹಾಕಿದೆ. ಬೇಕಾದರೆ ಹೊಸ ಬಟ್ಟೆ ಹೊಲಿಸು, ಬಿಳಿ ಮಲ್ಲು ಆದೀತು." ಅವನ ಮುಖ ಒಲೆಯ ಕಾವಿಗಿಂತ ಹೆಚ್ಚು ಬೆಳಗುತ್ತಿತ್ತು. "ಆ ತಾಯಿಗೆ ಹೇಳು, ಇನ್ನು ಇದಕ್ಕೆ ಒಳಗೆ ತುಕ್ಕು ಬರ್ಲಿಕ್ಕಿಲ್ಲ. ಕಲಾಯಿ ಅಂದ್ರೆ ಹಾಗೆ. ಇವತ್ತು ಮೀನು ಬೇಯಿಸು, ನಾಳೆ ಪಾಯಸ ಮಾಡು. ನಿನ್ನೆಯ ವಾಸನೆ ಇರುದಿಲ್ಲ."

ಹವ್ವಮ್ಮ ಒಲೆಯ ಕಡೆ ನೋಡಿದಳು. ಅವನು ಸುಟ್ಟ ಬೆರಳುಗಳನ್ನು ನೀರಿನ ತಂಬಿಗೆಯಲ್ಲಿ ಅದ್ದಿಟ್ಟು, ಹೊಗಳಿಕೆ ಕೇಳಲು ನಾಚುವವನ ಹಾಗೆ ಬೇರೆಡೆ ನೋಡುತ್ತಿದ್ದ. ಏನು ಹೇಳಿದರೂ ಒಲೆಯ ಬೂದಿ ಬಟ್ಟೆಯಾಗುವುದಿಲ್ಲ.

"ಚೆಂದ ಆಗಿದೆ ಕಾಕ," ಎಂದಳು. "ಎಷ್ಟು ಕೊಡುದು?"

"ಕೇಳ್ಬೇಡ. ಮರಣದ ಮನೆಯದ್ದು. ಮುಟ್ಟುವ ಹಾಗಿಲ್ಲ."

ಮನೆಗೆ ಬಂದವಳು ಹಿತ್ತಿಲ ಬಾಗಿಲಿನಿಂದ ಅಡುಗೆಮನೆ ಹೊಕ್ಕಳು. ಅವಳ ಮನಸ್ಸಿನಲ್ಲಿ ಆಗ ಇದ್ದುದು ಮೋಸವೇ; ಹೆಂಗಸರ ಪಾಠ ಅದನ್ನು ಮುಚ್ಚಿಡುವುದಿಲ್ಲ. ಮಬ್ಖರಾದಲ್ಲಿ ಕೆಂಡ ಹಾಕಿ, ನವ್ವಾಫ್ ಬಳಸುತ್ತಿದ್ದ ಡಬ್ಬಿಯಿಂದಲೇ ಊದಿನ ಚಕ್ಕೆ ತೆಗೆದು, ಅವನು ಹಿಡಿಯುತ್ತಿದ್ದ ಹಾಗೆಯೇ ಶಿರಸ್ತ್ರಾಣವನ್ನು ಕವುಚಿ ಹಿಡಿದಳು. ಹೊಗೆ ಒಳಗೆ ತುಂಬಿತು, ನೆತ್ತಿಯಿಂದ ಎದ್ದಿತು. ಇಳಿಸಿ ಮುಖವಿಟ್ಟಳು. ಊದು ಇತ್ತು. ಅಂಗಡಿಯಲ್ಲಿ ಇರುವ ಹಾಗೆ, ಯಾರ ಮನೆಯಲ್ಲೂ ಇರುವ ಹಾಗೆ. ಅವಳು ಎರಡನೆಯ ಸಲ ಮುಖವಿಡುವಷ್ಟರಲ್ಲಿ ತವರದ ಮೇಲೆ ಅದೂ ನಿಂತಿರಲಿಲ್ಲ.

"ಹವ್ವಾ, ಬಂದೆಯಾ?" ಒಳಗಿನಿಂದ ಮಾಮಾರ ದನಿ. "ಅಸರ್ ಆಗಿ ಎಷ್ಟು ಹೊತ್ತಾಯಿತು. ತಾ."

ಅವಳು ಅದನ್ನು ಶಾಲಿನಲ್ಲಿ ಸುತ್ತಿ ಒಯ್ದಳು. ಮಾಮಾ ಆಗಲೇ ಎರಡೂ ಕೈ ಚಾಚಿದ್ದರು. ಕೊಡುವ ಮುಂಚೆ ಹವ್ವಮ್ಮ ನೆಲದಲ್ಲಿ ಕೂತಳು.

"ಮುಖ ಇಡಬೇಡಿ ಮಾಮಾ. ಅವನಿಲ್ಲ."

ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ತಾನು ಹೇಳಿದ ಮಾತು, ಹೇಳದೆ ಬಿಟ್ಟ ಮಾತು, ಕಲಾಯಿಯವನ ಕಟ್ಟಳೆ, ಒಲೆಗೆ ಬಿದ್ದ ಅಸ್ತರಿ. ಈಗಷ್ಟೇ ತಾನು ಹಿಡಿದ ಹೊಗೆಯನ್ನೂ ಹೇಳಿದಳು. ಮಾಮಾ ಶಾಲಿನ ಗಂಟನ್ನು ಬಿಚ್ಚಲೂ ಇಲ್ಲ, ದೂಡಲೂ ಇಲ್ಲ. ಕೆನ್ನೆಯ ಗೀರಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದರು.

"ದುಡ್ಡು ತೆಗೆದುಕೊಳ್ಳಲಿಲ್ಲವಾ ಅವನು?"

"ಇಲ್ಲ ಮಾಮಾ."

"ಕೈ ಸುಟ್ಟುಕೊಂಡ ಅಂದೆ."

"ಹೌದು."

ಕಿಟಕಿಯಾಚೆ ಮುಸ್ಸಂಜೆಯ ಮಗ್‌ರಿಬಿನ ಬಾಂಗ್ ಎದ್ದು, ಮುಗಿಯಿತು.

"ಅವನಿಗೆ ಹೇಳಬೇಡ," ಎಂದರು ಮಾಮಾ. "ಬರುವ ಶುಕ್ರವಾರ ಖರ್ಜೂರ ತೆಗೆದುಕೊಂಡು ಹೋಗು. ಅವನ ಕೆಲಸ ನನಗೆ ಬೆಳಕಾಯಿತು ಅಂತ ಹೇಳು." ಅಷ್ಟು ಹೇಳಿ ಅವರು ಗಂಟು ಬಿಚ್ಚಿದರು; ಹವ್ವಮ್ಮ ತಡೆಯುವ ಮೊದಲೇ ಒಳಗೆ ಮುಖವಿಟ್ಟರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕಣ್ಣು ಒಣಗಿತ್ತು. "ಏನೂ ಇಲ್ಲ," ಎಂದರು, ಅಕ್ಕಿಯ ಡಬ್ಬಿ ತೆರೆದು ನೋಡಿದವರ ಹಾಗೆ.

ಶನಿವಾರ ಹನಾನ್ ಬಂದಳು. ಅಂಚಿನ ಸುತ್ತ ಬೆರಳಾಡಿಸಿದಳು, ಒಳಗೆ ನೋಡಿ ಹುಬ್ಬೇರಿಸಿದಳು. "ಎಷ್ಟು ಶುಭ್ರವಾಗಿದೆ ಅಮ್ಮಾ. ಇನ್ನು ಇಲ್ಲೇ ಇರಲಿ," ಎಂದು ತಾನೇ ಅದನ್ನು ಕಪಾಟಿನ ಮೇಲೆ, ಕಾಣುವ ಹಾಗೆ ಇಟ್ಟು ಹೋದಳು. ಬತ್ಹಾದಲ್ಲಿ ಅಬ್ದುಲ್ಲ ಕುಂಞಿ ಖರ್ಜೂರ ಹಂಚುತ್ತ ತನ್ನ ಕಥೆಯನ್ನು ಹೇಳಲು ತೊಡಗಿದ. ಹವ್ವಮ್ಮ ಕೇಳಿದಾಗಲೆಲ್ಲ ತಲೆಯಾಡಿಸಿದಳು.

ಶಿರಸ್ತ್ರಾಣವನ್ನು ಆಮೇಲೆ ಯಾರೂ ಕೆಳಗಿಳಿಸಲಿಲ್ಲ. ಆದರೆ ಅಸರ್ ಕಳೆದ ಮೇಲೆ ಇಬ್ಬರೂ ಅದೇ ಜಾಗದಲ್ಲಿ ಕೂರುವುದು ಬಿಡಲಿಲ್ಲ.

"ಹೇಳು," ಎನ್ನುತ್ತಿದ್ದರು ಮಾಮಾ. "ಹೇಗಿತ್ತು ಹೇಳು. ನನಗೆ ಜಾರಿ ಹೋಗುತ್ತಿದೆ."

ಹವ್ವಮ್ಮನಿಗೆ ಬರುತ್ತಿದ್ದುದು ಅಡುಗೆಮನೆಯ ಅರಬಿ. ಜೀರಿಗೆಗೆ, ಸಾಬೂನಿಗೆ, ಸುಟ್ಟ ರೊಟ್ಟಿಗೆ ಅದರಲ್ಲಿ ಮಾತಿತ್ತು, ಇದಕ್ಕಿರಲಿಲ್ಲ. ಇದ್ದಷ್ಟರಲ್ಲಿ ತಡಕುತ್ತಿದ್ದಳು. ಮೊದಲು ಊದು ಬರುತ್ತಿತ್ತು ಎಂದರೆ ಮಾಮಾ ತಲೆಯಾಡಿಸುತ್ತಿದ್ದರು. ಆಮೇಲೆ ಕಬ್ಬಿಣ, ಮಳೆ ಬಿದ್ದ ಗೇಟಿನ ಹಾಗೆ. ಹೌದು. ಆಮೇಲೆ ಬೆವರು, ಹಳಸಿದ್ದಲ್ಲ, ಓಡಿ ಬಂದ ಹುಡುಗನದ್ದು. ಹೌದು, ಹೌದು. ಹೀಗೆ ಒಬ್ಬರು ಎಳೆ ಕೊಟ್ಟು ಇನ್ನೊಬ್ಬರು ಹಿಡಿದು, ಕೆಲವು ಸಂಜೆ ಅವನ ಹತ್ತಿರ ಹತ್ತಿರ ಹೋಗುತ್ತಿದ್ದರು.

ಅಂಥ ಒಂದು ಸಂಜೆ ಹವ್ವಮ್ಮ, "ಕಡೆಗೆ ಏಲಕ್ಕಿ," ಎಂದಳು.

"ಏಲಕ್ಕಿ ಎಲ್ಲಿತ್ತು?"

"ಇತ್ತು ಮಾಮಾ. ಕಿವಿಯ ಬದಿಗೆ, ಸ್ವಲ್ಪ. ನಾನು ಕಹ್ವಾಕ್ಕೆ ಜಜ್ಜುವಾಗ ಅವನು ಅದನ್ನು ತಲೆಗೆ ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಲ್ತಿದ್ದ. ಅದು ಬಟ್ಟೆಗೆ ಹಿಡಿದಿತ್ತು."

ಮಾಮಾ ಕಣ್ಣು ಮುಚ್ಚಿ ಹುಡುಕಿದರು. ಹುಡುಕಿದಷ್ಟೂ ಅವರ ಹಣೆ ಗಂಟಾಯಿತು. "ಇರಲಿಲ್ಲ," ಎಂದರು ಕೊನೆಗೆ. "ಏಲಕ್ಕಿ ಇರಲಿಲ್ಲ. ಅದು ನಿನ್ನ ಕೈಯ ವಾಸನೆ ಹವ್ವಾ. ನೀನು ಅದನ್ನು ಹಿಡಿದಾಗ ನಿನ್ನ ಕೈಯದು ನಿನಗೆ ಬಂದಿದೆ."

ಹವ್ವಮ್ಮ ತನ್ನ ಅಂಗೈಗಳನ್ನು ನೋಡಿದಳು. ಇತ್ತು ಎಂದು ಅವಳಿಗೆ ಗೊತ್ತಿತ್ತು. ಅವನ ನೆತ್ತಿ ಅವಳಿಗೆ ಸಿಗುತ್ತಿದ್ದುದೇ ಆ ಕೊನೆಯ ಎಳೆಯಿಂದ. ಎದುರಿಗೆ ಮಾಮಾ, ಬಾಯಿ ಅರ್ಧ ತೆರೆದು, ಕೈಗೆ ಬಂದಿದ್ದ ಏನೋ ಒಂದು ಈ ಮಾತಿನಿಂದ ಕದಡಿಹೋಗುತ್ತಿದೆ ಎಂಬಂತೆ ಅವಳನ್ನೇ ನೋಡುತ್ತಿದ್ದರು. ಹೆತ್ತವರು ಅವರು.

"ಹೌದು ಮಾಮಾ," ಎಂದಳು. "ಇರಲಿಲ್ಲ. ಅದು ನನ್ನ ಕೈಯದು."

ಮಾಮಾರ ಹಣೆಯ ಗಂಟು ಬಿಚ್ಚಿತು. ಅವರು ಮತ್ತೆ ಊದಿನಿಂದ ಮೊದಲು ಮಾಡಿದರು.

ಮರುದಿನ ಬೆಳಿಗ್ಗೆ ನೀರು ಕುದಿಯಲು ಇಟ್ಟು, ಹವ್ವಮ್ಮ ಕುಟ್ಟಾಣಿಯಲ್ಲಿ ಏಲಕ್ಕಿ ಜಜ್ಜಿದಳು. ಜಜ್ಜಿದ ಕೈಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಬಾಗಿಲ ಕಡೆ ತಿರುಗಿ ನಿಂತಳು. ಏಲಕ್ಕಿ ಇತ್ತು. ಏಲಕ್ಕಿ ಮಾತ್ರ ಇತ್ತು.